ಹೋಮ್‌ನಲ್ಲೋ, ಸ್ಕ್ರ್ಯಾಚ್‌ನಲ್ಲೋ? ಹಂಚಿಕೊಂಡು ಬಳಸುವ ಕ್ಲಸ್ಟರ್‌ನಲ್ಲಿ ಜಾಗ ಮತ್ತು ಜಾಬ್

"ಅಕ್ಕಾ, ಕೋಟಾ ಮುಗಿದಿದೆ ಅಂತ ಬರ್ತಿದೆ. ಆದ್ರೆ ಜಾಗ ನೋಡಿದ್ರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ. ಏನ್ ಮಾಡ್ಲಿ?"

ಜೂನ್ ಕೊನೆಯ ವಾರ ಬಂದ ಫೋನು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಅವಳು ಎಲ್ಲವನ್ನೂ ಎರಡೆರಡು ಸಲ ಹೇಳಬೇಕಾಯಿತು. ಪೊನ್ನಂಪೇಟೆ ಕಡೆಯ ಸಂಶೋಧನಾ ವಿದ್ಯಾರ್ಥಿನಿ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆಯಲ್ಲ, ಅವುಗಳಲ್ಲಿ ಕೆಲವು ಕಡೆ ತಕ್ಕರ, ಅಂದರೆ ಊರಿನ ಹಿರಿಯ ಮುಖ್ಯಸ್ಥರ, ಒಪ್ಪಿಗೆ ಪಡೆದು ಹೋದ ಮಳೆಗಾಲದಲ್ಲಿ 12 ರೆಕಾರ್ಡರ್ ಕಟ್ಟಿದ್ದಳು. ಯಾವ ಕಪ್ಪೆ ಯಾವ ಹೊತ್ತಿಗೆ ಕೂಗುತ್ತದೆ ಎಂಬ ಲೆಕ್ಕಕ್ಕೆ. ಹತ್ತು ನಿಮಿಷಕ್ಕೊಮ್ಮೆ ಒಂದು ನಿಮಿಷದ ಮುದ್ರಣ, 90 ದಿನ. ಗುಣಿಸಿ ನೋಡಿ: 1,55,520 ಫೈಲುಗಳು. ಒಂದೊಂದೂ 5.76 ಎಂಬಿ. ಒಟ್ಟು 900 ಜಿಬಿಗೆ ನಾಲ್ಕು ಕಡಿಮೆ.

ಅವಳಿಗೆ ಬೆಂಗಳೂರಿನ ಒಂದು ಕ್ಲಸ್ಟರ್‌ನಲ್ಲಿ, ಅಂದರೆ ಹಲವರು ಹಂಚಿಕೊಂಡು ಬಳಸುವ ಕಂಪ್ಯೂಟರ್‌ಗಳ ದೊಡ್ಡ ಗುಂಪಿನಲ್ಲಿ, 2 ಟಿಬಿ ಜಾಗ ಸಿಕ್ಕಿತ್ತು. ಜಾಗದ ಮಿತಿಯ ಪಕ್ಕದಲ್ಲೇ ಇನ್ನೊಂದು ಮಿತಿ ಇದ್ದದ್ದನ್ನು ಅವಳು ಗಮನಿಸಿರಲಿಲ್ಲ: ಒಬ್ಬರಿಗೆ ಒಂದು ಲಕ್ಷ ಫೈಲು. ಲಕ್ಷ ಮುಟ್ಟಿದ ಕೂಡಲೇ ಬಾಗಿಲು ಮುಚ್ಚಿತು, ಒಳಗೆ ಇನ್ನೂ ಎಷ್ಟೇ ಜಾಗ ಉಳಿದಿರಲಿ.

ಆವತ್ತು ಫೋನಿನಲ್ಲಿ ಹೇಳಿದ್ದನ್ನೂ, ಕರೆಂಟು ಹೋಗಿ ಮಾತು ಕಡಿದದ್ದರಿಂದ ಹೇಳದೆ ಉಳಿದದ್ದನ್ನೂ ಇಲ್ಲಿ ಬರೆದಿದ್ದೇನೆ. ನಾನು ಕೆಲವು ವರ್ಷ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಇಂಥ ಯಂತ್ರಗಳ ಮುಂದೆ ಕೂತವಳು. ಈಗ ಗೋಣಿಕೊಪ್ಪದ ಹತ್ತಿರ ತೋಟದ ಮನೆಯಿಂದ ಅದೇ ಕೆಲಸ ಮಾಡುತ್ತೇನೆ. ಅಲ್ಲಿದ್ದಾಗ ಯಾವ ಆಯ್ಕೆ ವೇಗವಾಗಿದೆ ಎಂದು ನೋಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ, ನಡುವೆ ಸಂಪರ್ಕ ಹೋದರೂ ಯಾವುದು ಕೆಡದೆ ಉಳಿಯುತ್ತದೆ ಎಂದು ನೋಡುತ್ತೇನೆ. ಈ ಬರಹದ ತೀರ್ಮಾನಗಳೆಲ್ಲ ಅಲ್ಲಿಂದಲೇ ಬಂದವು.

ಮೊದಲು, ಕ್ಲಸ್ಟರ್ ನಿಜಕ್ಕೂ ಬೇಕೇ?

ಹತ್ತರಲ್ಲಿ ಆರು ಜನಕ್ಕೆ ಬೇಡ ಎನ್ನುವುದು ನನ್ನ ಅಂದಾಜು. ಮಡಿಕೇರಿಯ ಮಳೆಯ ಬಗ್ಗೆ ಪ್ರಬಂಧ ಬರೆಯುವವರು ಒಬ್ಬರು ಸೂಪರ್‌ಕಂಪ್ಯೂಟರ್ ಖಾತೆಗೆ ಅರ್ಜಿ ಹಾಕಲು ಹೊರಟಿದ್ದರು. ಹವಾಮಾನ ಇಲಾಖೆಯ ದಿನವಾರು ಮಳೆಯ ಗ್ರಿಡ್ ಡೇಟಾ 1901ರಿಂದ ಇದೆ, ಕಾಲು ಡಿಗ್ರಿಯ ಚೌಕಗಳಲ್ಲಿ. ಇಡೀ ದೇಶದ ಒಂದು ವರ್ಷದ ಫೈಲು ಸುಮಾರು 25 ಎಂಬಿ. 120 ವರ್ಷ ಸೇರಿಸಿದರೂ 3 ಜಿಬಿ. ಅದರಲ್ಲಿ 4,102 ಚದರ ಕಿ.ಮೀ.ಯ ನಮ್ಮ ಜಿಲ್ಲೆಯ ಪಾಲಿಗೆ ಬರುವ ಚೌಕಗಳನ್ನು ಕೈಬೆರಳಲ್ಲಿ ಎಣಿಸಬಹುದು. ಅದಕ್ಕೆ ಲ್ಯಾಪ್‌ಟಾಪ್ ಸಾಕು, ಅದೂ ಹಳೆಯದು.

ಕಪ್ಪೆ ಹುಡುಗಿಯದು ಗಡಿರೇಖೆಯ ಮೇಲಿನ ಪ್ರಕರಣ. ಒಂದು ನಿಮಿಷದ ಧ್ವನಿಯನ್ನು ಅವಳ ಪ್ರೋಗ್ರಾಂ ಓದಿ ಮುಗಿಸಲು 8 ಸೆಕೆಂಡು. 1,55,520 ಸಲ ಅಂದರೆ ಒಂದೇ ಕೋರ್‌ನಲ್ಲಿ (ಪ್ರೊಸೆಸರ್‌ನ ಒಂದು ಘಟಕದಲ್ಲಿ) 14 ದಿನ ದಾಟುತ್ತದೆ. ನಾಲ್ಕು ಕೋರ್ ಬಳಸಿದರೆ ಲ್ಯಾಪ್‌ಟಾಪ್‌ನಲ್ಲೂ ನಾಲ್ಕು ದಿನದೊಳಗೆ ಮುಗಿಯುತ್ತದೆ. ಒಂದೇ ಸಲ ಮಾಡುವ ಕೆಲಸವಾಗಿದ್ದರೆ ನಾನೇ "ಲ್ಯಾಪ್‌ಟಾಪ್‌ನಲ್ಲಿ ಓಡಿಸಮ್ಮ" ಎನ್ನುತ್ತಿದ್ದೆ. ಆದರೆ ಇಂಥ ಕೆಲಸ ಒಂದೇ ಸಲ ಮುಗಿದದ್ದನ್ನು ನಾನು ಕಂಡಿಲ್ಲ. ಗೈಡ್ ಒಂದು ಸಂಖ್ಯೆ ಬದಲಿಸಿ ಅನ್ನುತ್ತಾರೆ, ಮತ್ತೆ ನಾಲ್ಕು ದಿನ. ಮೇಲಾಗಿ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ ಕೂರುವ ಊರಿನಲ್ಲಿ ನಾಲ್ಕು ದಿನ ಎಡೆಬಿಡದೆ ಲ್ಯಾಪ್‌ಟಾಪ್ ಓಡಿಸುವುದು ಸುಲಭವಲ್ಲ. ಕ್ಲಸ್ಟರ್ ಕಡೆ ವಾಲಲು ಅವಳಿಗಿದ್ದ ನಿಜವಾದ ಕಾರಣ ಇದೇ, ಯಂತ್ರದ ವೇಗವಲ್ಲ.

ಇನ್ನು ಎಲ್ಲಿ ಸಿಗುತ್ತದೆ ಎಂದರೆ, ವಿಶ್ವವಿದ್ಯಾಲಯಗಳ ಸಣ್ಣ ಕ್ಲಸ್ಟರ್‌ಗಳಿಂದ ಹಿಡಿದು ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನ ದೊಡ್ಡ ಯಂತ್ರಗಳವರೆಗೆ ಇವೆ. 1991ರ ಪರಮ್ 8000ದಿಂದ ಬಂದ ಹೆಸರಿನ ಸಾಲಿನಲ್ಲಿ, 3.3 ಪೆಟಾಫ್ಲಾಪ್ಸ್ ವೇಗದ ಪರಮ್ ಪ್ರವೇಗ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂತು. ಖಾತೆ ಸಾಮಾನ್ಯವಾಗಿ ಗೈಡ್ ಅಥವಾ ಸಂಸ್ಥೆಯ ಮೂಲಕವೇ ಆಗಬೇಕು.

ನಾಲ್ಕು ಜಾಗಗಳು

ಕ್ಲಸ್ಟರ್‌ಗೆ ಲಾಗಿನ್ ಆದ ಹೊಸಬರಿಗೆ ಎಲ್ಲವೂ ಒಂದೇ ದೊಡ್ಡ ಡಿಸ್ಕಿನ ಹಾಗೆ ಕಾಣುತ್ತದೆ. ಹಾಗಿಲ್ಲ. ಹೋಮ್, ಪ್ರಾಜೆಕ್ಟ್, ಸ್ಕ್ರ್ಯಾಚ್, ನೋಡ್‌ನ (ಗುಂಪಿನ ಒಂದೊಂದು ಕಂಪ್ಯೂಟರ್‌ನ) ಒಳಗಿನ ಡಿಸ್ಕ್ ಎಂದು ಬಹುತೇಕ ಕಡೆ ನಾಲ್ಕು ಬೇರೆ ಬೇರೆ ಜಾಗಗಳಿರುತ್ತವೆ. ಹೆಸರು ಊರಿಂದೂರಿಗೆ ಬದಲಾಗಬಹುದು, ಗುಣ ಬದಲಾಗುವುದು ಕಡಿಮೆ.

ಹೋಮ್ ಚಿಕ್ಕದು, ನಿಧಾನ, ಆದರೆ ಉಳಿಯುವಂಥದ್ದು. ಕೆಲವು ಜಿಬಿಯಿಂದ ನೂರು ಜಿಬಿಯವರೆಗೆ ಕೊಡುತ್ತಾರೆ. ಬ್ಯಾಕಪ್ ಆಗುವುದಿದ್ದರೆ ಸಾಮಾನ್ಯವಾಗಿ ಇದು ಒಂದೇ ಆಗುತ್ತದೆ, ಅದನ್ನೂ ಕೇಳಿ ಖಚಿತ ಮಾಡಿಕೊಳ್ಳಬೇಕು. ಪ್ರೋಗ್ರಾಂ, ಸ್ಕ್ರಿಪ್ಟ್, ಸಣ್ಣ ಟಿಪ್ಪಣಿಗಳಿಗೆ ಇದು ಸರಿಯಾದ ಜಾಗ. ಡೇಟಾಗೆ ಅಲ್ಲ.

ಹೋಮ್ ತುಂಬಿಕೊಳ್ಳುವುದು ಸಾಮಾನ್ಯವಾಗಿ ನಮ್ಮ ಫೈಲುಗಳಿಂದಲೂ ಅಲ್ಲ, ಪ್ರೋಗ್ರಾಂಗೆ ಬೇಕಾದ ಪ್ಯಾಕೇಜುಗಳನ್ನು ತಂದು ಜೋಡಿಸುವ ಕೋಂಡಾದಿಂದ. ಒಂದು ಪೈಥಾನ್ ಪರಿಸರ ಕಟ್ಟಿದರೆ ಹತ್ತಾರು ಸಾವಿರ ಸಣ್ಣ ಫೈಲು ಸದ್ದಿಲ್ಲದೆ ಬಂದು ಕೂರುತ್ತವೆ, ಜೊತೆಗೆ ಡೌನ್‌ಲೋಡ್ ಆದ ಪ್ಯಾಕೇಜುಗಳ ಉಳಿಕೆ ಪ್ರತಿಗಳು, ಅಂದರೆ ಕ್ಯಾಶ್, ಬೇರೆ. ಎರಡು ದಾರಿಗಳಿವೆ. ಪರಿಸರವನ್ನೂ ಕ್ಯಾಶನ್ನೂ ಪ್ರಾಜೆಕ್ಟ್ ಜಾಗಕ್ಕೆ ತಿರುಗಿಸುವುದು ಒಂದು. ಇಡೀ ಪರಿಸರವನ್ನು ಆಪ್‌ಟೈನರ್ ಕಂಟೇನರ್ ಆಗಿ ಒಂದೇ ಫೈಲಿಗೆ ಇಳಿಸುವುದು ಇನ್ನೊಂದು. ಹಿಂದೆ ಸಿಂಗ್ಯುಲಾರಿಟಿ ಎಂದಿದ್ದದ್ದೇ ಇದು. ಮೊದಲನೆಯದು ಸುಲಭ, ದಿನವೂ ಪ್ಯಾಕೇಜು ಬದಲಿಸುವವರಿಗೆ ಒಗ್ಗುತ್ತದೆ. ಎರಡನೆಯದನ್ನು ಕಟ್ಟುವಾಗ ಅರ್ಧ ದಿನ ತಲೆನೋವು, ಆಮೇಲೆ ಎರಡು ವರ್ಷ ನೆಮ್ಮದಿ. ಪ್ರೋಗ್ರಾಂ ಒಂದು ಹದಕ್ಕೆ ಬಂದ ಮೇಲೆ ನಾನು ಕಂಟೇನರ್ ಕಡೆಗೇ.

ಪ್ರಾಜೆಕ್ಟ್ ಜಾಗ ಕೊಡವರ ಐನ್‌ಮನೆ, ಅಂದರೆ ಮನೆತನದ ಮೂಲ ಮನೆ, ಇದ್ದ ಹಾಗೆ. ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ್ದು, ಎಲ್ಲರೂ ಸಾಮಾನು ತಂದಿಡುತ್ತಾರೆ, ತೆಗೆದು ಗುಡಿಸುವವರು ಯಾರೂ ಇಲ್ಲ. ಗುಂಪಿನಲ್ಲಿ ಹಂಚಿಕೊಳ್ಳುವ ಮೂಲ ಡೇಟಾಗೆ, ಮುಗಿದ ಫಲಿತಾಂಶಗಳಿಗೆ ಇದೇ ಸರಿ. ಒಂದು ಎಚ್ಚರ ಮಾತ್ರ ಬೇಕು. ಫೈಲಿನ ಒಡೆತನ ಅದನ್ನು ಮಾಡಿದವರ ಹೆಸರಲ್ಲೇ ಉಳಿಯುತ್ತದೆ. ಪಿಎಚ್‌ಡಿ ಮುಗಿಸಿ ಹೋದ ಸೀನಿಯರ್‌ನ ಫೋಲ್ಡರ್ ತೆರೆಯಲಾಗದೆ ಗುಂಪು ಗುಂಪೇ ಒದ್ದಾಡುವುದನ್ನು ನೋಡಿದ್ದೇನೆ. ಮೊದಲ ದಿನವೇ ಫೋಲ್ಡರ್‌ಗೆ ಗುಂಪಿನ ಓದುವ ಅನುಮತಿ ಕೊಟ್ಟು, ಅದರೊಳಗೆ ಮುಂದೆ ಹುಟ್ಟುವುದೆಲ್ಲ ಅದೇ ಗುಂಪಿಗೆ ಸೇರುವಂತೆ ಸೆಟ್‌ಜಿಐಡಿ ಎಂಬ ಸೆಟ್ಟಿಂಗ್ ಹಾಕಿಬಿಡಿ.

ಸ್ಕ್ರ್ಯಾಚ್ ಅಂದರೆ ಕಣ. ವಿಶಾಲ, ಬಿಸಿಲು ಚೆನ್ನಾಗಿ ಬೀಳುತ್ತದೆ, ಕೆಲಸ ಬೇಗ ಆಗುತ್ತದೆ. ಆದರೆ ಕಾಫಿ ಚೆರಿ (ಹಣ್ಣು) ಒಣಗಿದ ಮೇಲೆ ಚೀಲ ತುಂಬಿ ಒಳಗೆ ಸಾಗಿಸಬೇಕು. ಯಾರೂ ಕಣದಲ್ಲಿ ಕಾಫಿ ದಾಸ್ತಾನು ಮಾಡುವುದಿಲ್ಲ. ಸ್ಕ್ರ್ಯಾಚ್‌ಗೆ ಬ್ಯಾಕಪ್ ಇರುವುದಿಲ್ಲ, ಮತ್ತು ಬಹಳ ಕಡೆ ಇಷ್ಟು ದಿನ ಮುಟ್ಟದ ಫೈಲನ್ನು ವ್ಯವಸ್ಥೆಯೇ ಅಳಿಸಿಹಾಕುತ್ತದೆ. ಮೂವತ್ತೋ, ಅರವತ್ತೋ, ತೊಂಬತ್ತೋ, ಆಯಾ ಕ್ಲಸ್ಟರ್‌ನ ನಿಯಮ.

ಇದನ್ನು ನಾನು ಓದಿ ಕಲಿತದ್ದಲ್ಲ. ನೆರಳಿನ ಕಾಫಿಯ ನಕ್ಷೆ ಮಾಡುವ ಕೆಲಸದಲ್ಲಿ ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಇಟ್ಟುಕೊಂಡಿದ್ದೆ. ಐದು ದಿನಕ್ಕೊಂದು ಚಿತ್ರ ಸಿಗುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯ ಮೇಲೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ. ಹಾಗಾಗಿ ಬೇಸಿಗೆಯ ಒಳ್ಳೆಯ ಚಿತ್ರಗಳನ್ನು ಆರಿಸಿ, ಮೋಡದ ಚೂರುಗಳನ್ನು ಕೈಯಲ್ಲೇ ಗುರುತು ಹಾಕಿ ತೆಗೆದಿದ್ದೆ. ಆರು ವಾರದ ಕೆಲಸ. ಎಲ್ಲವೂ ಸ್ಕ್ರ್ಯಾಚ್‌ನಲ್ಲಿ. ಕೊಯ್ಲಿನ ಕಾಲ ಬಂತು, ರಜೆ ಹಾಕಿ ಊರಿಗೆ ಬಂದೆ. ಅಳಿಸುತ್ತೇವೆ ಎಂಬ ಮೇಲ್ ಬಂದಿತ್ತು, ನಾನು ತೆರೆಯಲಿಲ್ಲ. ಫೆಬ್ರವರಿಯಲ್ಲಿ ಹಿಂತಿರುಗಿದಾಗ ಉಪಗ್ರಹದ ಚಿತ್ರಗಳೂ ಇರಲಿಲ್ಲ, ಗುರುತುಗಳೂ ಇರಲಿಲ್ಲ. ಚಿತ್ರಗಳನ್ನು ಎರಡು ದಿನದಲ್ಲಿ ಮತ್ತೆ ಇಳಿಸಿಕೊಂಡೆ. ಗುರುತುಗಳಿಗೆ ಮತ್ತೆ ಆರು ವಾರ.

ಆ ಗುರುತಿನ ಫೈಲುಗಳೆಲ್ಲ ಸೇರಿ 20 ಎಂಬಿ ಕೂಡ ಇರಲಿಲ್ಲ, ಹೋಮ್‌ನ ಒಂದು ಮೂಲೆಯಲ್ಲಿ ಹಿಡಿಸುತ್ತಿದ್ದವು. ಆಮೇಲಿಂದ ಫೈಲಿನ ಗಾತ್ರ ನೋಡಿ ಜಾಗ ನಿರ್ಧರಿಸುವುದನ್ನು ಬಿಟ್ಟೆ. ನಾಳೆ ಇದು ಹೋದರೆ ಮತ್ತೆ ಹುಟ್ಟಿಸಬಹುದೇ, ಅದಕ್ಕೆ ಎಷ್ಟು ದಿನ ಬೇಕು ಎಂದು ಕೇಳಿಕೊಳ್ಳುತ್ತೇನೆ. ಯಂತ್ರ ಒಂದು ರಾತ್ರಿಯಲ್ಲಿ ಮತ್ತೆ ಮಾಡಿಕೊಡುವುದಾದರೆ 500 ಜಿಬಿ ಇದ್ದರೂ ಸ್ಕ್ರ್ಯಾಚ್. ಮನುಷ್ಯನ ಕೈ ತಗಲಿದ್ದರೆ, ಅಥವಾ ಹೋದ ಮಳೆಗಾಲದ ಕಪ್ಪೆ ಕೂಗಿನ ಹಾಗೆ ಮರಳಿ ಸಿಗದ್ದಾದರೆ, ಪ್ರಾಜೆಕ್ಟ್ ಜಾಗದಲ್ಲೊಂದು, ಕ್ಲಸ್ಟರ್‌ನ ಹೊರಗೊಂದು ಪ್ರತಿ. ಕ್ಲಸ್ಟರ್‌ನ ಡಿಸ್ಕುಗಳು ರೇಯ್ಡ್‌ನಲ್ಲಿವೆ, ಅಂದರೆ ಒಂದು ಕೆಟ್ಟರೆ ಉಳಿದವು ತುಂಬಿಕೊಡುವಂತೆ ಜೋಡಿಸಿವೆ, ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ರೇಯ್ಡ್ ಕಾಯುವುದು ಡಿಸ್ಕ್ ಕೆಟ್ಟಾಗ. ನೀವೇ ತಪ್ಪಿ ಅಳಿಸಿದರೆ ಅದೂ ನಿಮ್ಮ ಜೊತೆಗೇ ಅಳಿಸುತ್ತದೆ.

ಅಂದಹಾಗೆ, ಅಳಿಸದಿರಲಿ ಎಂದು ಎಲ್ಲ ಫೈಲಿನ ದಿನಾಂಕವನ್ನೂ ಟಚ್ ಕಮಾಂಡಿನಿಂದ ಹೊಸದಾಗಿಸುವ ಚಾಲಾಕಿತನ ಕೆಲವರಲ್ಲಿದೆ. ನಿರ್ವಾಹಕರಿಗೆ ಅದು ಗೊತ್ತಾಗುತ್ತದೆ. ಖಾತೆ ನಿಲ್ಲಿಸಿಯಾರು.

ನಾಲ್ಕನೆಯದು ನೋಡ್‌ನ ಸ್ವಂತ ಡಿಸ್ಕ್. ಕಾಫಿ ಕೊಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ: ಕೈಗೆ ಹತ್ತಿರ, ಸಂಜೆ ಖಾಲಿ. ಜಾಬ್, ಅಂದರೆ ನೀವು ಕ್ಲಸ್ಟರ್‌ಗೆ ಕೊಟ್ಟ ಕೆಲಸ, ಮುಗಿದೊಡನೆ ಅಲ್ಲಿದ್ದದ್ದು ಹೋಗುತ್ತದೆ, ಆದ್ದರಿಂದ ಫಲಿತಾಂಶವನ್ನು ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲೇ ಹೊರಗೆ ನಕಲಿಸಬೇಕು. ಬಹಳ ಜನ ಇದನ್ನು ಬಳಸುವುದೇ ಇಲ್ಲ. ಸಣ್ಣ ಫೈಲುಗಳ ಕೆಲಸಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಲಕ್ಷ ಫೈಲೋ, ನೂರೈವತ್ತೋ?

ಫೈಲುಗಳ ಸಂಖ್ಯೆಗೆ ಮಿತಿ ಯಾಕೆ? ದೊಡ್ಡ ಕ್ಲಸ್ಟರ್‌ಗಳಲ್ಲಿ ಸ್ಕ್ರ್ಯಾಚ್ ಹೆಚ್ಚಾಗಿ ಲಸ್ಟರ್ ಅಥವಾ ಅಂಥದೇ ಫೈಲ್ ವ್ಯವಸ್ಥೆಯ ಮೇಲೆ ನಿಂತಿರುತ್ತದೆ. ಅದರಲ್ಲಿ ಡೇಟಾವನ್ನು ಹಲವು ಸರ್ವರ್‌ಗಳು ಹಂಚಿಕೊಂಡು ಹೊರುತ್ತವೆ. ಆದರೆ ಫೈಲಿನ ಹೆಸರು, ಅನುಮತಿ, ಅದು ಎಲ್ಲಿದೆ ಎಂಬ ವಿವರಗಳನ್ನು ನೋಡಿಕೊಳ್ಳುವುದು ಒಂದೋ ಎರಡೋ ಮೆಟಾಡೇಟಾ ಸರ್ವರ್. ಒಂದು ಜಿಬಿಯ ಒಂದು ಫೈಲು ತೆರೆದರೆ ಅದಕ್ಕೆ ಒಂದು ಪ್ರಶ್ನೆ. ಒಂದು ಜಿಬಿಯನ್ನು ಲಕ್ಷ ಚೂರು ಮಾಡಿಟ್ಟರೆ ಲಕ್ಷ ಪ್ರಶ್ನೆ. ನಿಮ್ಮ ಕೆಲಸ ನಿಧಾನವಾಗುವುದಷ್ಟೇ ಅಲ್ಲ, ಅದೇ ಸರ್ವರ್‌ನ ಮುಂದೆ ನಿಂತ ಇನ್ನೂ ಇನ್ನೂರು ಜನರದ್ದೂ ನಿಲ್ಲುತ್ತದೆ. ಲಕ್ಷ ಫೈಲಿನ ಫೋಲ್ಡರ್‌ನಲ್ಲಿ ಉದ್ದ ಪಟ್ಟಿ ಕೇಳಿದರೆ ಪರದೆ ಹೆಪ್ಪುಗಟ್ಟಿದಂತೆ ನಿಲ್ಲುವುದೂ ಇದಕ್ಕೇ. ಪ್ರತಿ ಫೈಲಿನ ಗಾತ್ರ ತಿಳಿಯಲು ಅದು ಡೇಟಾ ಸರ್ವರ್‌ಗಳ ಬಾಗಿಲನ್ನೂ ಬಡಿಯಬೇಕು.

ಹುಡುಗಿಗೆ ಹೇಳಿದ ಪರಿಹಾರ: ಒಂದು ರೆಕಾರ್ಡರ್, ಒಂದು ವಾರ, ಒಂದು ಟಾರ್ ಫೈಲು (ಹಲವು ಫೈಲುಗಳನ್ನು ಒಂದಾಗಿ ಕಟ್ಟಿದ್ದು). 90 ದಿನಕ್ಕೆ 13 ಕಟ್ಟು, ಕೊನೆಯದರಲ್ಲಿ ಆರೇ ದಿನ. 12 ರೆಕಾರ್ಡರ್‌ಗೆ 156. ಪ್ರತಿ ಕಟ್ಟಿನಲ್ಲಿ 1,008 ಮುದ್ರಣ, 5.8 ಜಿಬಿ. ಜಾಬ್ ಶುರುವಾದಾಗ ಒಂದು ಕಟ್ಟನ್ನು ನೋಡ್‌ನ ಡಿಸ್ಕಿಗೆ ಬಿಚ್ಚಿಕೊಂಡು, ಅಲ್ಲೇ ಓದಿ, ಫಲಿತಾಂಶದ ಕೋಷ್ಟಕವಿರುವ ಸಿಎಸ್‌ವಿ ಫೈಲು ಒಂದನ್ನು ಮಾತ್ರ ಹೊರಗೆ ಕಳಿಸುವುದು. ಹಂಚಿಕೊಂಡ ಡಿಸ್ಕು ನೋಡುವುದು ಒಂದು ದೊಡ್ಡ ಓದು, ಒಂದು ಸಣ್ಣ ಬರಹ.

"ಜಿಪ್ ಮಾಡ್ಲಾ ಅಕ್ಕಾ, ಚಿಕ್ಕದಾಗುತ್ತಲ್ಲ?" ಎಂದು ಕೇಳಿದಳು. ಧ್ವನಿಗೆ ಜಿಪ್ ಅಷ್ಟು ಹತ್ತುವುದಿಲ್ಲ. ಚಿಕ್ಕದಾಗಬೇಕಾದರೆ ವೇವ್ ಫೈಲನ್ನು ಫ್ಲ್ಯಾಕ್ ಎಂಬ ಧ್ವನಿ ರೂಪಕ್ಕೆ ಬದಲಿಸಿ ಟಾರ್ ಕಟ್ಟುವುದು ಮೇಲು. ಒಂದು ಬಿಟ್ಟೂ ಕಳೆಯುವುದಿಲ್ಲ, ಗಾತ್ರ ಎದ್ದು ಕಾಣುವಷ್ಟು ಇಳಿಯುತ್ತದೆ. ಆದರೆ ಮಳೆಯ ಸದ್ದು ತುಂಬಿದ ಮುದ್ರಣ ಅಷ್ಟಾಗಿ ಇಳಿಯದು, ಗದ್ದಲವನ್ನು ಕುಗ್ಗಿಸುವುದು ಕಷ್ಟ. ಅವಳದು ಪೂರ್ತಿ ಮಳೆಗಾಲ. ಎಂಪಿ3 ಮಾತ್ರ ಬೇಡವೇ ಬೇಡ, ಕಪ್ಪೆಯ ದನಿಯಲ್ಲಿ ಯಾವ ಭಾಗ ಮುಖ್ಯ ಎಂದು ಎಂಪಿ3ಗೆ ಗೊತ್ತಿಲ್ಲ.

ಅಂಕಿಗಳ ಕೋಷ್ಟಕವೋ ಗ್ರಿಡ್‌ಗಳೋ ಆದರೆ ಟಾರ್‌ಗಿಂತ ನೆಟ್‌ಸಿಡಿಎಫ್ ಅಥವಾ ಎಚ್‌ಡಿಎಫ್5 ಎಂಬ ಫೈಲ್ ರೂಪ ಒಳ್ಳೆಯದು. ಬಿಚ್ಚದೆಯೇ ನಡುವಿನ ತುಂಡನ್ನು ಓದಬಹುದು.

ತೋಟದಿಂದ ಬೆಂಗಳೂರಿಗೆ

900 ಜಿಬಿಯನ್ನು ಕಳಿಸುವುದು ಹೇಗೆ? ನಮ್ಮಲ್ಲಿ ಅಪ್‌ಲೋಡ್ ಸೆಕೆಂಡಿಗೆ 10 ಮೆಗಾಬಿಟ್ ಸಿಕ್ಕಿದ ದಿನ ಹಬ್ಬ. ಆ ವೇಗ ಒಂದು ಕ್ಷಣವೂ ಬೀಳದೆ ಇದ್ದರೂ ಎಂಟು ದಿನ, ಎಂಟು ರಾತ್ರಿ. ಅದೇ ಹಾರ್ಡ್‌ಡಿಸ್ಕನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಸ್ ಹತ್ತಿದರೆ? ಪ್ರಯಾಣ ಆರು ಗಂಟೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 330 ಮೆಗಾಬಿಟ್ ಆಯಿತು, ಹುಣಸೂರಿನಲ್ಲಿ ಕಾಫಿಗೆ ನಿಲ್ಲಿಸಿದ್ದೂ ಸೇರಿ. ಬೆಂಗಳೂರು ತಲುಪಿದ ಮೇಲೆ ಪ್ರಯೋಗಾಲಯದ ಗಿಗಾಬಿಟ್ ತಂತಿಯಲ್ಲಿ ಎರಡೂವರೆ ಗಂಟೆಯಲ್ಲಿ ಕ್ಲಸ್ಟರ್‌ಗೆ ಏರಿಸಬಹುದು, ಊರಲ್ಲೇ ಟಾರ್ ಕಟ್ಟಿಕೊಂಡು ಹೋಗಿದ್ದರೆ. ಬಿಡಿಬಿಡಿ ಫೈಲಾದರೆ ಒಂದು ಹಗಲು ಅಲ್ಲೇ ಕಳೆಯುತ್ತದೆ. ಅವಳು ಕಳೆದದ್ದೂ ಹಾಗೆಯೇ, ಲಕ್ಷಕ್ಕೆ ನಿಂತು ಹೋದದ್ದು ಆಮೇಲೆ.

ನನ್ನ ಲೆಕ್ಕದಲ್ಲಿ 50 ಜಿಬಿ ಒಳಗಿದ್ದರೆ ನೆಟ್ಟು, 200 ಮೀರಿದರೆ ಬಸ್ಸು, ನಡುವೆ ಇದ್ದರೆ ಹವಾಮಾನ ನೋಡಿ.

ನೆಟ್ಟಿನಲ್ಲೇ ಕಳಿಸುವವರು, ಫೈಲು ನಕಲಿಸುವ ಎರಡು ಕಮಾಂಡುಗಳಲ್ಲಿ, ಎಸ್‌ಸಿಪಿ ಬಿಟ್ಟು ಆರ್‌ಸಿಂಕ್ ಹಿಡಿಯಿರಿ. ಬೆಂಗಳೂರಿನ ಕಚೇರಿಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ಎಸ್‌ಸಿಪಿ ನಡುವೆ ಕಡಿದರೆ ಮೊದಲಿನಿಂದ ಶುರು. ಆರ್‌ಸಿಂಕ್ ಮುಗಿದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ, ಪಾರ್ಶಿಯಲ್ ಆಯ್ಕೆ ಕೊಟ್ಟರೆ ಅರ್ಧ ಹೋದ ಫೈಲನ್ನೂ ಇಟ್ಟುಕೊಂಡು ಮುಂದುವರಿಸುತ್ತದೆ. ಅದರಲ್ಲೊಂದು ಹೊಂಡ ಇದೆ: ಮೂಲ ಫೋಲ್ಡರ್‌ನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿರುವುದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರ್ ಸಮೇತ. ಡಿಲೀಟ್ ಆಯ್ಕೆಯ ಜೊತೆಗೆ ಈ ಗೆರೆ ತಪ್ಪಿದರೆ ಆ ಕಡೆ ಇದ್ದದ್ದೂ ಹೋದೀತು. ಡ್ರೈ-ರನ್ (ನಿಜಕ್ಕೂ ನಕಲಿಸದ ತಾಲೀಮು) ಮಾಡಿ ಏನೇನು ಆಗಲಿದೆ ಎಂದು ನೋಡದೆ ಡಿಲೀಟ್ ಬಳಸಬಾರದು. ಬಸ್ಸಿಗಾಗಲಿ ನೆಟ್ಟಿಗಾಗಲಿ, ಹೊರಡುವ ಮುಂಚೆ ಪ್ರತಿ ಕಟ್ಟಿನ ಶಾ-256 ಮೊತ್ತ (ಫೈಲು ಒಂದಿಷ್ಟು ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ತಲುಪಿದ ಮೇಲೆ ತಾಳೆ ನೋಡಿ.

ಜಾಬ್ ಹಾಕುವ ರೀತಿಗಳು

ಲಾಗಿನ್ ಆದ ಕೂಡಲೇ ನೀವಿರುವುದು ಲಾಗಿನ್ ನೋಡ್‌ನಲ್ಲಿ. ಅದು ಮನೆಯ ಜಗಲಿ, ಅಡುಗೆ ಅಲ್ಲಿ ಮಾಡುವುದಿಲ್ಲ. ಫೈಲು ತಿದ್ದುವುದು, ಜಾಬ್ ಹಾಕುವುದು, ಅಷ್ಟೇ. ಅಲ್ಲೇ ಪ್ರೋಗ್ರಾಂ ಓಡಿಸಿದರೆ ಎಲ್ಲರ ಟೈಪಿಂಗೂ ತಡವರಿಸುತ್ತದೆ, ನಿರ್ವಾಹಕರು ಕೊಂದುಹಾಕುತ್ತಾರೆ. ನಿಮ್ಮನ್ನಲ್ಲ, ಪ್ರೋಗ್ರಾಮನ್ನು.

ನಿಜವಾದ ಆಯ್ಕೆ ಮೂರು: ಇಂಟರ್‌ಆಕ್ಟಿವ್, ಬ್ಯಾಚ್, ಅರೇ. ಜಾಬ್‌ಗಳಿಗೆ ಸರದಿ ಹಚ್ಚುವ ಶೆಡ್ಯೂಲರ್ ಆಗಿ ಸ್ಲರ್ಮ್ ಇರುವ ಕ್ಲಸ್ಟರ್ ಎಂದು ಇಟ್ಟುಕೊಂಡು ಹೇಳುತ್ತೇನೆ.

ಇಂಟರ್‌ಆಕ್ಟಿವ್ ಅಂದರೆ ಎಸ್‌ರನ್ ಅಥವಾ ಎಸ್‌ಅಲಾಕ್ ಕಮಾಂಡಿನಿಂದ ಒಂದು ನೋಡ್‌ನ ಪಾಲು ಪಡೆದು, ಅದರೊಳಗೆ ಕೂತು ಕೈಯಾರೆ ಕೆಲಸ ಮಾಡುವುದು. ಪ್ರೋಗ್ರಾಂ ಎಲ್ಲಿ ಎಡವುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಜಾಗ ಸಿಗುವವರೆಗೆ ಪರದೆ ಮುಂದೆ ಕಾಯಬೇಕು, ಸಿಕ್ಕಾಗ ನೀವು ಊಟಕ್ಕೆ ಎದ್ದಿದ್ದರೆ ಗಂಟೆ ಓಡುತ್ತಲೇ ಇರುತ್ತದೆ. ಮೇಲಾಗಿ ನಿಮ್ಮ ಸಂಪರ್ಕ ಕಡಿದರೆ ಕೆಲಸವೂ ಕಡಿಯುತ್ತದೆ. ಲಾಗಿನ್ ನೋಡ್‌ನಲ್ಲಿ ಮೊದಲು ಟಿಮಕ್ಸ್ (ಸಂಪರ್ಕ ಹೋದರೂ ಪರದೆಯನ್ನು ಜೀವಂತವಾಗಿಡುವ ಪ್ರೋಗ್ರಾಂ) ತೆರೆದು ಅದರೊಳಗಿಂದ ಕೇಳಿದರೆ, ನೆಟ್ಟು ಹೋಗಿ ಬಂದ ಮೇಲೆ ಮತ್ತೆ ಅಂಟಿಕೊಳ್ಳಬಹುದು. ನಮ್ಮೂರಿನಲ್ಲಿ ಕೂತು ಇಂಟರ್‌ಆಕ್ಟಿವ್ ಮಾಡುವವರಿಗೆ ಟಿಮಕ್ಸ್ ಕೊಡೆಯಷ್ಟೇ ಅಗತ್ಯ.

ಬ್ಯಾಚ್ ಅಂದರೆ ಬೇಕಾದದ್ದನ್ನೆಲ್ಲ ಒಂದು ಸ್ಕ್ರಿಪ್ಟಿನಲ್ಲಿ ಬರೆದು ಎಸ್‌ಬ್ಯಾಚ್ ಕಮಾಂಡಿಗೆ ಕೊಟ್ಟು ಎದ್ದುಹೋಗುವುದು. ಸರದಿ ಬಂದಾಗ ಓಡುತ್ತದೆ. ಮನೆಯಲ್ಲಿ ಕರೆಂಟು ಇರಲಿ ಬಿಡಲಿ, ಬೆಂಗಳೂರಿನಲ್ಲಿ ನಿಮ್ಮ ಕೆಲಸ ನಡೆಯುತ್ತಿರುತ್ತದೆ. ನನಗೆ ಕೊಡಗಿನಲ್ಲಿ ಈ ಕೆಲಸ ಮಾಡಲು ಸಾಧ್ಯವಾಗಿರುವುದೇ ಬ್ಯಾಚ್‌ನಿಂದ. ಹತ್ತು ನಿಮಿಷ ನೆಟ್‌ವರ್ಕ್ ಸಿಕ್ಕರೆ ಸಾಕು. ಜಾಬ್ ಹಾಕಿ ತೋಟಕ್ಕೆ ಹೋದರೆ ಸಂಜೆ ಸಾಲಿನ ಸ್ಥಿತಿ ತೋರಿಸುವ ಎಸ್‌ಕ್ಯೂ ನೋಡಿದರಾಯಿತು.

ಅರೇ ಅಂದರೆ ಒಂದೇ ಸ್ಕ್ರಿಪ್ಟು, ಬೇರೆ ಬೇರೆ ಸಂಖ್ಯೆಯೊಂದಿಗೆ ಹಲವು ಸಲ. 1ರಿಂದ 156 ಎಂದು ಕೊಟ್ಟರೆ ಪ್ರತಿ ಪ್ರತಿಗೂ ಅದರ ಸಂಖ್ಯೆ ತಿಳಿದಿರುತ್ತದೆ, ಆ ಸಂಖ್ಯೆಯ ಕಟ್ಟನ್ನು ತೆರೆಯುತ್ತದೆ. ಹುಡುಗಿ ಮೊದಲು ಯೋಚಿಸಿದ್ದು ಪ್ರತಿ ಮುದ್ರಣಕ್ಕೂ ಒಂದು ಜಾಬ್, ಲೂಪಿನಲ್ಲಿ ಒಂದೂವರೆ ಲಕ್ಷ ಸಲ ಎಸ್‌ಬ್ಯಾಚ್. 8 ಸೆಕೆಂಡಿನ ಕೆಲಸಕ್ಕೆ ಜಾಬ್ ಹುಟ್ಟಿಸಿ ಮುಗಿಸುವ ಖರ್ಚೇ ಕೆಲಸಕ್ಕೆ ಸಮನಾಗುತ್ತದೆ, ಶೆಡ್ಯೂಲರ್ ಉಸಿರುಗಟ್ಟುತ್ತದೆ. ದಿನಕ್ಕೊಂದು ಕಟ್ಟು ಮಾಡಿದರೆ 1,080. ಸ್ಲರ್ಮ್‌ನ ಮೂಲ ಸೆಟ್ಟಿಂಗ್‌ನಲ್ಲಿ ಅರೇ ಸಂಖ್ಯೆ 1,000 ದಾಟುವುದಿಲ್ಲ, ಅದೂ ತಪ್ಪಿತು. ವಾರಕ್ಕೊಂದು ಎಂದು ನಾನು ಹಟ ಹಿಡಿದದ್ದು ಇದಕ್ಕೇ. ಒಂದು ಕಟ್ಟು ಎರಡೂ ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನನ್ನ ಅನುಭವದಲ್ಲಿ ಅರ್ಧ ಗಂಟೆಯಿಂದ ನಾಲ್ಕು ಗಂಟೆಯ ತುಂಡುಗಳು ಹದ.

ಅರೇಗೆ ಶೇಕಡಾ ಚಿಹ್ನೆ ಹಾಕಿ 20 ಎಂದರೆ ಒಮ್ಮೆಗೆ ಇಪ್ಪತ್ತೇ ಓಡುತ್ತವೆ. ಹೀಗೆ ಎಂಟು ಸುತ್ತು, ಹದಿನೆಂಟು ಗಂಟೆ. ಎಲ್ಲ 156ನ್ನೂ ಒಟ್ಟಿಗೆ ಬಿಡಬಹುದಿತ್ತಲ್ಲ? ಬಿಡಬಹುದು. ಆದರೆ 156 ಜಾಬ್ ಒಂದೇ ಗಳಿಗೆಯಲ್ಲಿ 5.8 ಜಿಬಿ ಎಳೆದರೆ ಸ್ಕ್ರ್ಯಾಚ್ ನರಳುತ್ತದೆ, ಮತ್ತು ನಿಮ್ಮ ಫೇರ್‌ಶೇರ್ ಅಂಕ ಕುಸಿದು ಮುಂದಿನ ಜಾಬ್ ಸಾಲಿನ ಹಿಂದೆ ಬೀಳುತ್ತದೆ. ಇತ್ತೀಚೆಗೆ ಯಾರು ಹೆಚ್ಚು ಬಳಸಿದರೋ ಅವರು ಸ್ವಲ್ಪ ಕಾಯಲಿ ಎನ್ನುವುದು ಫೇರ್‌ಶೇರ್‌ನ ಲೆಕ್ಕ.

ಅರೇಯಲ್ಲಿ ಎರಡು ವಿಷಯ ಮೊದಲೇ ಸರಿ ಮಾಡಿಕೊಳ್ಳಿ. ಲಾಗ್ ಫೈಲಿಗೆ ಒಂದೇ ಹೆಸರು ಕೊಟ್ಟರೆ 156 ಜಾಬ್‌ಗಳು ಒಂದರ ಮೇಲೊಂದು ಬರೆಯುತ್ತವೆ, ಹೆಸರಿನಲ್ಲಿ ಅರೇ ಸಂಖ್ಯೆ ಇರಲಿ. ಹಾಗೆಯೇ ಔಟ್‌ಪುಟ್ ಇದ್ದರೆ ಮತ್ತೆ ಮಾಡದೆ ಮುಂದೆ ಹೋಗುವಂತೆ ಸ್ಕ್ರಿಪ್ಟ್ ಬರೆಯಿರಿ, ಆದರೆ ಔಟ್‌ಪುಟ್‌ಗೆ ಮೊದಲು ತಾತ್ಕಾಲಿಕ ಹೆಸರು ಕೊಟ್ಟು ಪೂರ್ತಿಯಾದ ಮೇಲೆ ಹೆಸರು ಬದಲಿಸಬೇಕು. ಇಲ್ಲದಿದ್ದರೆ ಅರ್ಧ ಬರೆದ ಸಿಎಸ್‌ವಿ ಕೂಡ "ಮುಗಿದದ್ದು" ಎಂದು ಲೆಕ್ಕಕ್ಕೆ ಬರುತ್ತದೆ. ಅದನ್ನು ನೀವು ಪ್ರಬಂಧ ಸಲ್ಲಿಸುವ ಹಿಂದಿನ ದಿನ ಕಂಡುಹಿಡಿಯುತ್ತೀರಿ.

ಎಷ್ಟು ಕೇಳಬೇಕು

ಹೆಚ್ಚು ಕೇಳಿದರೆ ಸುರಕ್ಷಿತ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಮಯದ ವಿಷಯದಲ್ಲಿ ಇದು ದುಬಾರಿ ತಪ್ಪು. ಕುಟ್ಟದಿಂದ ಹೊರಡುವ ಬಸ್ಸಿನಲ್ಲಿ ಗೋಣಿಕೊಪ್ಪದಿಂದ ಬುಕ್ ಆದ ಸೀಟಿದ್ದರೆ ಪೊನ್ನಂಪೇಟೆಯಲ್ಲಿ ಇಳಿಯುವವರು ಅಲ್ಲಿಯವರೆಗೆ ಅದರಲ್ಲಿ ಕೂರಬಹುದು, ಮೈಸೂರಿಗೆ ಹೋಗುವವರು ಕೂರುವಂತಿಲ್ಲ. ಸ್ಲರ್ಮ್‌ನ ಬ್ಯಾಕ್‌ಫಿಲ್ ಮಾಡುವುದು ಇದನ್ನೇ. ದೊಡ್ಡ ಜಾಬ್ ಒಂದಕ್ಕೆ ಕಾಯ್ದಿರಿಸಿದ ನೋಡ್‌ಗಳು ನಾಲ್ಕು ಗಂಟೆ ಖಾಲಿ ಇದ್ದರೆ, ಮೂರು ಗಂಟೆ ಎಂದು ಹೇಳಿದವರ ಜಾಬ್ ಅಲ್ಲಿ ನುಗ್ಗುತ್ತದೆ. "ಇರಲಿ" ಎಂದು ಮೂರು ದಿನ ಬರೆದವರದ್ದು ಸಾಲಿನಲ್ಲೇ. ಹಾಗೆಂದು ಬಿಗಿಯಾಗಿ ಎರಡೂ ಕಾಲು ಗಂಟೆ ಎಂದೂ ಬರೆಯಬೇಡಿ, ಸಮಯ ಮುಗಿದರೆ ಕರುಣೆಯಿಲ್ಲದೆ ಕಡಿಯುತ್ತದೆ. ಒಂದೂವರೆ ಪಟ್ಟು ಕೇಳುವುದು ನನ್ನ ರೂಢಿ. ಅವಳಿಗೆ ಮೂರೂವರೆ ಗಂಟೆ ಹಾಕಿಸಿದೆ.

ಮೆಮೊರಿಯದು ಬೇರೆ ಕಥೆ. ಕೇಳಿದ್ದಕ್ಕಿಂತ ಹೆಚ್ಚು ತಿಂದರೆ ಔಟ್ ಆಫ್ ಮೆಮೊರಿ ಎಂದು ಜಾಬ್ ಸಾಯುತ್ತದೆ. ಹೆದರಿ 64 ಜಿಬಿ ಕೇಳಿದರೆ ಅಷ್ಟು ಖಾಲಿಯಿರುವ ನೋಡ್‌ಗಾಗಿ ಕಾಯಬೇಕು, ಮತ್ತು ಆ ನೋಡ್‌ನ ಉಳಿದ ಕೋರ್‌ಗಳು ಮೆಮೊರಿಯಿಲ್ಲದೆ ಸುಮ್ಮನೆ ಕೂರುತ್ತವೆ. ಊಹಿಸುವ ಬದಲು ಒಂದು ಕಟ್ಟನ್ನು ಮಾತ್ರ ಓಡಿಸಿ, ಮುಗಿದ ಮೇಲೆ, ಎಷ್ಟು ಬಳಕೆಯಾಯಿತು ಎಂದು ಹೇಳುವ ಸೆಫ್ ಕಮಾಂಡಿಗೆ ಜಾಬ್ ಸಂಖ್ಯೆ ಕೊಟ್ಟು ನೋಡಿ. ಅದು ಇಲ್ಲದ ಕಡೆ ಎಸ್‌ಆಕ್ಟ್ ಇದೆ. ಅವಳ ಪರೀಕ್ಷೆಯ ಜಾಬ್ 16 ಜಿಬಿ ಕೇಳಿ ಒಂದು ಜಿಬಿಗೆ ಸ್ವಲ್ಪ ಮೇಲೆ ಬಳಸಿತ್ತು. 2 ಜಿಬಿಗೆ ಇಳಿಸಿದೆವು.

ಕೋರ್ ಎಷ್ಟು? ನಿಮ್ಮ ಪ್ರೋಗ್ರಾಂ ಒಂದೇ ಕೋರ್ ಬಳಸುವಂತೆ ಬರೆದದ್ದಾದರೆ 16 ಕೇಳಿದರೂ ಬಳಸುವುದು ಒಂದನ್ನೇ, ಹದಿನೈದು ದಂಡ. ಸೆಫ್‌ನಲ್ಲಿ ಸಿಪಿಯು ದಕ್ಷತೆ ಶೇ. 6 ಎಂದು ಬಂದರೆ ಇದೇ ಆಗಿದೆ ಎಂದರ್ಥ. ಗ್ರಾಫಿಕ್ಸ್ ಪ್ರೊಸೆಸರ್, ಅಂದರೆ ಜಿಪಿಯುಗೂ ಅದೇ ಮಾತು. ಸಾಲು ಉದ್ದ, ಮತ್ತು ಪ್ರೋಗ್ರಾಂ ಅದಕ್ಕಾಗಿ ಬರೆಯದಿದ್ದರೆ ಅದು ತಾನಾಗಿ ವೇಗವಾಗುವುದಿಲ್ಲ.

ಜಾಬ್ ಕಾಯುತ್ತಿದ್ದರೆ ಎಸ್‌ಕ್ಯೂ ಕೊನೆಯ ಅಂಕಣದಲ್ಲಿ ಕಾರಣ ಹೇಳುತ್ತದೆ. ಪ್ರಯಾರಿಟಿ ಎಂದರೆ ಮುಂದೆ ಜನ ಇದ್ದಾರೆ. ರಿಸೋರ್ಸಸ್ ಎಂದರೆ ಸರದಿ ಬಂದಿದೆ, ಜಾಗ ಖಾಲಿಯಾಗಬೇಕು. ಡಿಪೆಂಡೆನ್ಸಿ ನೆವರ್ ಸ್ಯಾಟಿಸ್ಫೈಡ್ ಎಂದು ಬಂದರೆ ಕಾಯುವುದು ವ್ಯರ್ಥ, ಇದು ನೆಚ್ಚಿಕೊಂಡಿದ್ದ ಹಿಂದಿನ ಜಾಬ್ ಸೋತಿದೆ, ಎಸ್‌ಕ್ಯಾನ್ಸಲ್ ಮಾಡಿ. ಎರಡು ಸೆಕೆಂಡಿಗೊಮ್ಮೆ ಎಸ್‌ಕ್ಯೂ ಓಡಿಸುತ್ತ ಕೂರುವುದರಿಂದ ಸಾಲು ಮುಂದೆ ಸರಿಯುವುದಿಲ್ಲ, ಶೆಡ್ಯೂಲರ್‌ಗೆ ತೊಂದರೆ ಅಷ್ಟೇ. ಮುಗಿದಾಗ ಮೇಲ್ ಕಳಿಸು ಎಂದು ಸ್ಕ್ರಿಪ್ಟಿನಲ್ಲೇ ಬರೆಯಬಹುದು.

ಸ್ಲರ್ಮ್ ಬದಲು ಪಿಬಿಎಸ್ ಇರುವ ಕ್ಲಸ್ಟರ್ ಸಿಕ್ಕರೆ ಗಾಬರಿ ಬೇಡ. ಪಿಬಿಎಸ್ 1991ರಲ್ಲಿ ನಾಸಾದ ಕೆಲಸಕ್ಕೆಂದು ಶುರುವಾದದ್ದು, ಸ್ಲರ್ಮ್ ಅದರ ಸುಮಾರು ಹತ್ತು ವರ್ಷದ ನಂತರ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ. ಎಸ್‌ಬ್ಯಾಚ್ ಜಾಗದಲ್ಲಿ ಕ್ಯೂಸಬ್, ಎಸ್‌ಕ್ಯೂ ಜಾಗದಲ್ಲಿ ಕ್ಯೂಸ್ಟ್ಯಾಟ್, ಎಸ್‌ಕ್ಯಾನ್ಸಲ್ ಜಾಗದಲ್ಲಿ ಕ್ಯೂಡೆಲ್. ಇದು ನೀವು ಆರಿಸಿಕೊಳ್ಳುವ ವಿಷಯವೂ ಅಲ್ಲ.

ಅವಳ ಅರೇ ಒಂದು ಮಧ್ಯಾಹ್ನ ಶುರುವಾಯಿತು. ಆ ರಾತ್ರಿ ನಮ್ಮ ಕಡೆ ಕರೆಂಟು ಹೋದದ್ದು ಮೂರನೆಯ ದಿನ ಬಂತು, ಟವರೂ ಸತ್ತಿತ್ತು. ಫೋನು ಜೀವ ಪಡೆದಾಗ ಬಂದ ಮೊದಲ ಮೆಸೇಜು: "154 ಆಗಿದೆ ಅಕ್ಕಾ, ಎರಡು ಫೇಲ್." ಆ ಎರಡು ಕಟ್ಟುಗಳು ಒಂದೇ ರೆಕಾರ್ಡರ್‌ನವು. ಮೈಕಿಗೆ ನೀರು ನುಗ್ಗಿ ಅರ್ಧದಿಂದ ಖಾಲಿ ಫೈಲುಗಳೇ ಇದ್ದವು. ಖಾಲಿ ಫೈಲನ್ನು ದಾಟಿ ಹೋಗುವಂತೆ ಒಂದು ಸಾಲು ಸೇರಿಸಿ, ಎರಡು ಸಂಖ್ಯೆಗಳನ್ನು ಮಾತ್ರ ಮತ್ತೆ ಹಾಕಿದಳು. ಎಲ್ಲ ಸಿಎಸ್‌ವಿಗಳೂ ಸೇರಿ 30 ಎಂಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೇ ಇಳಿಸಿಕೊಂಡಳು. ಸ್ಕ್ರ್ಯಾಚ್‌ನಲ್ಲಿದ್ದ ಟಾರ್‌ಗಳ ಮೊತ್ತವನ್ನು ಪ್ರಾಜೆಕ್ಟ್ ಜಾಗದ ಪ್ರತಿಯೊಂದಿಗೆ ತಾಳೆ ನೋಡಿ, ಆಮೇಲೆ ಅಳಿಸಿದಳು. ಹಾರ್ಡ್‌ಡಿಸ್ಕು ಈಗ ಅವರಮ್ಮನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ನಡುವೆ, ಬೂಷ್ಟು ಹಿಡಿಯದಿರಲಿ ಎಂದು ಸಿಲಿಕಾ ಪೊಟ್ಟಣದ ಸಮೇತ.